ಖಾಲಿ ಸಾಲಿನ ಏರುಪೇರು

ಫೆಬ್ರುವರಿ 3

ಅಕ್ಕಾ,

ಅಂಕಿಅಂಶಗಳನ್ನು ಮೇಲ್‌ನಲ್ಲಿ ತಪ್ಪದೆ ಕಳಿಸುತ್ತೀಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಮ್ಮನ ಮಂಡಿ ಹೇಗಿದೆ, ನೀನು ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಎಂದು ಆ ಅಂಕಿಗಳು ಹೇಳುವುದಿಲ್ಲ. ಹಾಸ್ಟೆಲ್ ದಿನಗಳಿಂದ ನಡೆದು ಬಂದ ಕಾಗದದ ವ್ಯವಹಾರವನ್ನು ನೀನು ಈ ನಡುವೆ ಕೈಬಿಟ್ಟಿದ್ದೀಯ. ಕೊನೆಯ ಕಾಗದ ಬಂದು ನಾಲ್ಕು ತಿಂಗಳಾಯಿತು.

ನನ್ನ ಕಡೆ ಒಳ್ಳೆಯ ಸುದ್ದಿಯಿದೆ. ಎರಡು ವರ್ಷದಿಂದ ನೀನು ಅಲ್ಲಿ ಯೀಸ್ಟನ್ನು ಉಪವಾಸ ಕೆಡವುತ್ತಿದ್ದೀಯ, ನಾನು ಇಲ್ಲಿ ಕಂಪ್ಯೂಟರ್ ಮುಂದೆ ಕೂತು ಆ ಉಪವಾಸದ ಗಣಿತ ಮಾಡುತ್ತಿದ್ದೇನೆ. ಕೊನೆಗೂ ಒಂದು ಪೇಪರ್ ಆಗುವಂಥದ್ದು ಸಿಕ್ಕಿದೆ. ಅಮ್ಮನಿಗೆ ಓದಿ ಹೇಳು. ಅವಳಿಗೆ ಅರ್ಥವಾದರೆ ಯಾರಿಗೂ ಅರ್ಥವಾಗುತ್ತದೆ.

ಅಮ್ಮಾ, ನಿನ್ನ ಮಗಳು ಬೆಳಿಗ್ಗೆ ಏಳಕ್ಕೆ ಯೀಸ್ಟಿನ ಆಹಾರ ನಿಲ್ಲಿಸುತ್ತಾಳೆ. ಆಮೇಲೆ ಗಂಟೆಗೊಂದರಂತೆ ಸಂಜೆಯವರೆಗೆ ಹತ್ತು ತಟ್ಟೆ. ತಟ್ಟೆಯೆಂದರೆ ಅಂಗೈಯಗಲದ್ದು, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಒಂದೊಂದು ಗುಳಿಗೂ ಹನಿ ಅಳೆದು ಬಿಡುವ ಪಿಪೆಟ್ ಹಿಡಿದು ಎರಡು ಮೈಕ್ರೋಲೀಟರ್ ಬಣ್ಣ ಬಿಡುತ್ತಾಳೆ. ಸೊಳ್ಳೆ ಅತ್ತರೆ ಬರುವ ಕಣ್ಣೀರಿನಷ್ಟು. ಹಸಿವು ತಡೆಯಲು ಜೀವಕೋಶ ತನ್ನೊಳಗೆ ಮಾಡಿಕೊಳ್ಳುವ ಒಂದು ಅಣುವಿಗೆ ಆ ಬಣ್ಣ ಅಂಟಿ ಹೊಳೆಯುತ್ತದೆ. ಯಂತ್ರ ಹೊಳಪನ್ನು ಅಳೆಯುತ್ತದೆ, ನಿನ್ನ ಮಗ ಲೆಕ್ಕ ಹಾಕುತ್ತಾನೆ.

ಕಂಡದ್ದು ಇಷ್ಟು. ಬೆಳಗಿನ ತಟ್ಟೆಯಲ್ಲಿ ಎಲ್ಲ ಗುಳಿಗಳ ಹೊಳಪೂ ಹೆಚ್ಚುಕಡಿಮೆ ಒಂದೇ. ಗಂಟೆ ಕಳೆದಂತೆ ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ತಾಯಿಯಿಂದ ಹುಟ್ಟಿದ ಜೀವಕೋಶಗಳು ಹಸಿವು ಹೆಚ್ಚಾದಂತೆ ತಂತಮ್ಮ ದಾರಿ ಹಿಡಿಯುತ್ತಿವೆ. ಅಣುಗಳು ಕಡಿಮೆಯಾದಷ್ಟೂ ಅದೃಷ್ಟದ ಆಟ ಜಾಸ್ತಿ ಎಂದು ನನ್ನ ಮಾಡೆಲ್ ಮೊದಲೇ ಹೇಳುತ್ತಿತ್ತು. ಈಗ ಎರಡೂ ಹೊಂದಿಕೊಂಡಿವೆ.

ಅಕ್ಕಾ, ಇದು ನಿನಗೆ ಮಾತ್ರ. ನನ್ನ ಕಾಂಟ್ರಾಕ್ಟ್ ಡಿಸೆಂಬರಿಗೆ ಮುಗಿಯುತ್ತದೆ. ಇದು ಮೂರನೆಯದು, ನಾಲ್ಕನೆಯದನ್ನು ಕೊಡುವ ಪದ್ಧತಿ ಇಲ್ಲಿಲ್ಲ. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಆಗಸ್ಟಿನಲ್ಲಿ ಸಮಿತಿ ಕೂರುತ್ತದೆ. ನಲವತ್ತೊಂದರಲ್ಲಿ ಹೊಸದಾಗಿ ಅರ್ಜಿ ಹಾಕುತ್ತಾ ಅಲೆಯುವ ತ್ರಾಣ ನನ್ನಲ್ಲಿಲ್ಲ. ಈ ಪೇಪರ್ ಇದ್ದರೆ ನಾನು ಉಳಿಯುತ್ತೇನೆ.

ತಮ್ಮ


ಫೆಬ್ರುವರಿ 24

ತಮ್ಮನಿಗೆ,

ಟೈಪ್ ಮಾಡಿದ್ದೇನೆ ಎಂದು ಮುಖ ಸಿಂಡರಿಸಬೇಡ. ಇಡೀ ದಿನ ಪಿಪೆಟ್ ಒತ್ತಿದ ಹೆಬ್ಬೆರಳಿಗೆ ಪೆನ್ನು ಹಿಡಿ ಎಂದರೆ ಅದು ಕೇಳುವುದಿಲ್ಲ.

ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೊಟ್ಟೆಗಿಲ್ದಾಗ ಅಣ್ಣತಮ್ಮಂದ್ರು ಬೇರೆಬೇರೆ ಆಗ್ತಾರೆ ಅನ್ನೋದಕ್ಕೆ ನೀವಿಬ್ರೂ ಇಷ್ಟು ಓದ್ಬೇಕಾಗಿತ್ತಾ?" ಎಂದಳು. ಮಂಡಿ ಹಾಗೇ ಇದೆ. ಮೂರು ಮಹಡಿ ಇಳಿದು ಹೋಗುವುದನ್ನು ಬಿಟ್ಟು ಕಿಟಕಿಯಲ್ಲೇ ಬೀದಿಯ ವಿಚಾರಣೆ ನಡೆಸುತ್ತಾಳೆ.

ನಿನ್ನ ಸುದ್ದಿ ಸಂತೋಷದ್ದೇ. ಆದರೆ ಅವಸರ ಮಾಡಬೇಡ. ಏರುಪೇರು ಅನ್ನುವುದು ನೂರು ಕಾರಣಕ್ಕೆ ಬರುತ್ತದೆ. ನಮ್ಮ ಇನ್ಕ್ಯುಬೇಟರಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಮೂಲೆಯ ಗುಳಿಗಳು ಬೇಗ ಒಣಗುತ್ತವೆ. ಎಲ್ಲವನ್ನೂ ನೋಡಿದ್ದೀಯಾ? ಬೇಕಿದ್ದರೆ ಲ್ಯಾಬಿನಲ್ಲಿ ನನ್ನ ಎದುರು ಬೆಂಚಿನಲ್ಲಿ ಕೆಲಸ ಮಾಡುವವಳ ಹತ್ತಿರ ಒಂದು ಸಲ ಮಾಡಿಸಿ ಕಳಿಸುತ್ತೇನೆ. ಅವಳ ಕೈಯೂ ಚೆನ್ನಾಗಿದೆ. ಇನ್ನೊಬ್ಬರ ಕೈಯಲ್ಲೂ ಅದೇ ಬಂದರೆ ನಿನ್ನ ಮಾತಿಗೆ ತೂಕ ಬರುತ್ತದೆ.

ಸಂಜೆ ಐದಕ್ಕೆ ತಟ್ಟೆ ಮುಗಿಸಿ ಬಸ್ಸಿನಲ್ಲಿ ಕೂತರೆ ಎರಡು ಸ್ಟಾಪ್ ಮುಂದೆ ಹೋಗಿ ಎಚ್ಚರವಾಗುತ್ತದೆ. ವಯಸ್ಸು ನಲವತ್ತೆಂಟಾಯಿತು ಎಂದು ಆಗ ನೆನಪಾಗುತ್ತದೆ.

ಅಕ್ಕ


ಮಾರ್ಚ್ 9

ಅಕ್ಕಾ,

ನಿನ್ನ ಕಾಗದ ಆಫೀಸಿನ ನೋಟಿಸಿನ ಹಾಗಿತ್ತು. ಅಕ್ಷರವೂ ಟೈಪು, ಮಾತೂ ಟೈಪು. ನಾನು ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ನೂರಕ್ಕೆ ನೂರು ತಂದಾಗಲೂ ನೀನು ಹೀಗೇ ಪೇಪರು ಕಿತ್ತುಕೊಂಡು, ಮೇಷ್ಟ್ರು ಕೂಡಿದ್ದು ಸರಿಯಿದೆಯೇ ಎಂದು ಮತ್ತೆ ಕೂಡಿ ನೋಡಿದ್ದೆ. ಒಂದು ಸಲ ಖುಷಿ ಪಟ್ಟುಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ?

ಎಲ್ಲವನ್ನೂ ನೋಡಿದ್ದೇನೆ. ಮೂಲೆಯ ಗುಳಿಗಳನ್ನು ಬಿಟ್ಟೇ ಲೆಕ್ಕ ಹಾಕಿದ್ದೇನೆ. ಪ್ರತಿ ತಟ್ಟೆಯ ಎಂಟನೆಯ ಸಾಲು, ಯೀಸ್ಟೇ ಇಲ್ಲದೆ ಬರೀ ನೀರಿಗೆ ಬಣ್ಣ ಬಿಡುವ ಆ ಖಾಲಿ ಸಾಲು ಇದೆಯಲ್ಲ, ಅಲ್ಲಿ ಕಾಣುವುದು ಬಣ್ಣದ್ದೇ ಮಂದ ಹೊಳಪು, ಅದರ ಸರಾಸರಿಯನ್ನು ಎಲ್ಲದರಿಂದ ಕಳೆದಿದ್ದೇನೆ. ಇದು ನನ್ನ ಕಸುಬು, ಅಕ್ಕ.

ಎದುರು ಬೆಂಚಿನವಳು ಬೇಡ. "ಎಲ್ಲ ಅಳತೆಗಳನ್ನೂ ಇಪ್ಪತ್ತು ವರ್ಷ ಅನುಭವವಿರುವ ಒಬ್ಬರೇ ಮಾಡಿದ್ದಾರೆ" ಎಂದು ಪೇಪರಿನಲ್ಲಿ ಬರೆದಿದ್ದೇನೆ. ನಿಮ್ಮ ಲ್ಯಾಬಿನಲ್ಲಿ ನಿನ್ನನ್ನು ತಕ್ಕಡಿ ಅಂತ ಸುಮ್ಮನೆ ಕರೆಯುತ್ತಾರಾ? ಈ ಕೆಲಸದಲ್ಲಿ ಎಲ್ಲವೂ ಅಲ್ಲಾಡುತ್ತದೆ, ಯೀಸ್ಟು, ಬಣ್ಣ, ಯಂತ್ರ, ನನ್ನ ಮಾಡೆಲ್ಲು. ನಿನ್ನ ಕೈಯೊಂದೇ ಅಲ್ಲಾಡದ್ದು. ಆರು ದಿನದ ಪ್ರಯೋಗ ಇನ್ನೊಮ್ಮೆ ಬೇಕು ಎಂದು ನಮ್ಮ ಮುಖ್ಯಸ್ಥರು ಹೇಳಿದ್ದಾರೆ. ದಯವಿಟ್ಟು ನೀನೇ ಮಾಡು.

ತಮ್ಮ


ಮೇ 4

ತಮ್ಮನಿಗೆ,

ತಡವಾಯಿತು. ಹೊಳಪು ಅಳೆಯುವ ಯಂತ್ರದ ದೀಪ ಹೋಗಿತ್ತು, ಅದು ಬರಲು ಮೂರು ವಾರ. ಆಮೇಲೆ ನನಗೇ ಸ್ವಲ್ಪ ಓಡಾಟವಿತ್ತು. ಸತತ ಆರು ದಿನ ಮಾಡುವುದು ಆಗಲಿಲ್ಲ, ಒಂದು ದಿನ ಬಿಟ್ಟು ಒಂದು ದಿನ ಮಾಡಿದೆ. ಅಂಕಿಗಳು ಮೇಲ್‌ನಲ್ಲಿವೆ. ನೀನು ಹೇಳಿದ ಹಾಗೇ ಬಂದಿದೆ. ಸಂಜೆಯಾದಂತೆ ಗುಳಿಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಖಾಲಿ ಸಾಲನ್ನೂ ಎಂದಿನಂತೆ ಸೇರಿಸಿದ್ದೇನೆ. ಸರಾಸರಿ ತೆಗೆದು ಬಿಸಾಡಬೇಡ, ಒಂದು ಸಲ ಕಣ್ಣು ಹಾಯಿಸು.

ಅಮ್ಮ ಮೊನ್ನೆ ಕೌದಿಗೆ ತೇಪೆ ಹಾಕಲು ಕೂತಿದ್ದಳು. ಅವಳು ಹೊಲಿಯುವುದನ್ನು ನೋಡುತ್ತಾ ನಾನೂ ಪಕ್ಕದಲ್ಲಿ ಕೂತುಬಿಟ್ಟೆ, ಭಾನುವಾರವೆಲ್ಲ ಹಾಗೇ ಹೋಯಿತು. ಏಳಲು ಮನಸ್ಸಾಗಲಿಲ್ಲ.

ಅಕ್ಕ


ಮೇ 21

ಅಕ್ಕಾ, ನನ್ನ ತಕ್ಕಡಿಯಕ್ಕಾ,

ಗೆದ್ದೆವು. ಹೊಸ ಆರು ದಿನದ ಅಂಕಿಗಳಲ್ಲಿ ಏರುಪೇರು ಹಿಂದಿನದಕ್ಕಿಂತಲೂ ಜಾಸ್ತಿಯಿದೆ. ಮುಖ್ಯಸ್ಥರು ಗ್ರಾಫ್ ನೋಡಿದವರೇ ಕುರ್ಚಿಯಿಂದೆದ್ದು ಕೈ ಕುಲುಕಿದರು. ಎಂಟು ವರ್ಷದಲ್ಲಿ ಅವರು ನನ್ನ ಕೈ ಮುಟ್ಟಿದ್ದು ಇದೇ ಮೊದಲು. ಪೇಪರ್ ಕಳಿಸಿಯಾಯಿತು. ಆಗಸ್ಟ್ ಹದಿನೆಂಟಕ್ಕೆ ಸಮಿತಿ.

ಹಿಂದಿಗಿಂತ ಯಾಕೆ ಜಾಸ್ತಿ ಎಂದು ಯಾರಾದರೂ ಕೇಳಿಯಾರು. ಫ್ರೀಜರಿನ ಯೀಸ್ಟಿಗೆ ವಯಸ್ಸಾಗಿರಬಹುದು ಎಂದು ಒಂದು ವಾಕ್ಯ ಬರೆದು ಮುಗಿಸಿದೆ. ಮಿಕ್ಕದ್ದನ್ನೆಲ್ಲ ನೋಡಿದ್ದೇನೆ, ಅದರ ಯೋಚನೆ ನಿನಗೆ ಬೇಡ.

ಪೇಪರಿನಲ್ಲಿ ನಿನ್ನ ಹೆಸರು ಎರಡನೆಯದು. ಮೊದಲನೆಯದಾಗಿ ಹಾಕಬೇಕೆಂದಿದ್ದೆ, ಸಮಿತಿಯ ಕಾರಣಕ್ಕೆ ಮುಖ್ಯಸ್ಥರು ಒಪ್ಪಲಿಲ್ಲ. ಕೆಲಸ ಕಾಯಂ ಆದ ಮೇಲೆ ನೀವಿಬ್ಬರೂ ಬಂದು ಒಂದು ತಿಂಗಳು ಇರಬೇಕು. ಈ ಮನೆ ನೆಲಮಹಡಿಯಲ್ಲಿದೆ, ಅಮ್ಮನಿಗೆ ಮೆಟ್ಟಿಲಿನ ಕಾಟವಿಲ್ಲ.

ತಮ್ಮ


ಜೂನ್ 30

ಅಕ್ಕಾ,

ಆರು ವಾರವಾಯಿತು, ಒಂದು ಸಾಲಿಲ್ಲ. ಫೋನಿಗೆ ಅಮ್ಮನೇ ಸಿಗುತ್ತಾಳೆ, ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾಳೆ. ಇಷ್ಟು ಸ್ನಾನ ಮಾಡುವವರನ್ನು ನಾನು ಕಂಡಿಲ್ಲ.

ಹೆಸರಿನ ವಿಷಯಕ್ಕೆ ಬೇಜಾರಾಗಿದ್ದರೆ ನೇರವಾಗಿ ಬೈದುಬಿಡು. ಬೆಳಗಿನಿಂದ ಸಂಜೆಯವರೆಗೆ ನಿಂತು ದುಡಿದವಳು ನೀನು, ಮೊದಲ ಹೆಸರು ನನ್ನದು. ನ್ಯಾಯವಲ್ಲ ಅಂತ ನನಗೂ ಗೊತ್ತು. ಆದರೆ ಹೀಗೆ ಮಾತು ಬಿಡುವಷ್ಟು ದೊಡ್ಡ ತಪ್ಪೇ? ರಿವ್ಯೂ ಮಾಡಿದವರು ಒಳ್ಳೆಯ ಮಾತು ಬರೆದಿದ್ದಾರೆ, ಅದನ್ನು ಹೇಳಿಕೊಳ್ಳಲೂ ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ತಮ್ಮ


ಜುಲೈ 11

ತಮ್ಮನಿಗೆ,

ಹೆಸರಿನ ವಿಷಯಕ್ಕೆ ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ನೀನು ಅಂದುಕೊಂಡದ್ದು ಓದಿ ಅಳುವೂ ಬಂತು, ನಗುವೂ ಬಂತು. ಈ ಕಾಗದವನ್ನು ಐದು ಸಲ ಶುರುಮಾಡಿ ಬಿಟ್ಟಿದ್ದೇನೆ. ಇವತ್ತು ಮುಗಿಸುತ್ತೇನೆ.

ನನ್ನ ಬಲಗೈ ನಡುಗುತ್ತದೆ. ಕಳೆದ ವರ್ಷದ ಕೊನೆಯಲ್ಲಿ ನನ್ನ ಗಮನಕ್ಕೆ ಬಂತು. ಬೆಳಿಗ್ಗೆ ಇರುವುದಿಲ್ಲ. ನಾಲ್ಕೈದು ತಟ್ಟೆ ಆದ ಮೇಲೆ ಹೆಬ್ಬೆರಳಿನಿಂದ ಶುರುವಾಗಿ ಮಣಿಕಟ್ಟಿಗೆ ಬರುತ್ತದೆ. ಪಿಪೆಟ್ಟಿನ ತುದಿ ಗುಳಿಯ ಗೋಡೆಗೆ ತಗಲುತ್ತದೆ, ಹನಿ ಅಲ್ಲೇ ಅಂಟುತ್ತದೆ. ಒಂದು ಗುಳಿಗೆ ಒಂದೂವರೆ ಬಿದ್ದರೆ ಇನ್ನೊಂದಕ್ಕೆ ಎರಡೂಕಾಲು. ಹತ್ತನೆಯ ತಟ್ಟೆಯ ಹೊತ್ತಿಗೆ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮಾಡುತ್ತೇನೆ. ಟೈಪ್ ಮಾಡಿದ್ದೂ ಅದಕ್ಕೇ. ನನ್ನ ಅಕ್ಷರ ನೋಡಿದ್ದರೆ ನಿನಗೆ ಒಂದೇ ಸಾಲಿಗೆ ಗೊತ್ತಾಗುತ್ತಿತ್ತು.

ದಣಿವು ಅಂದುಕೊಂಡೆ. ಇಪ್ಪತ್ತು ವರ್ಷದ ಹೆಬ್ಬೆರಳು, ದಣಿಯದೆ ಇನ್ನೇನು ಮಾಡೀತು? ಅಮ್ಮನ ಕೌದಿಯ ವಿಷಯ ಬರೆದಿದ್ದೆನಲ್ಲ, ಅದರಲ್ಲಿ ಒಂದನ್ನು ಬಿಟ್ಟಿದ್ದೆ. ಅವತ್ತು ಅವಳು ಸೂಜಿಗೆ ದಾರ ಪೋಣಿಸಿ ಕೊಡು ಎಂದು ನನ್ನ ಕೈಗೆ ಕೊಟ್ಟಳು. ಎಷ್ಟು ಹೊತ್ತು ಪ್ರಯತ್ನಿಸಿದೆನೋ ಗೊತ್ತಿಲ್ಲ. ಎಪ್ಪತ್ತೆರಡು ವರ್ಷದವಳು ಕೈಚಾಚಿ ಸೂಜಿ ವಾಪಸು ತೆಗೆದುಕೊಂಡು, ತಾನೇ ಪೋಣಿಸಿಕೊಂಡಳು. ಆಮೇಲೆ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡೇ ಹೊಲಿದಳು.

ಮರುದಿನ ಡಾಕ್ಟರ ಹತ್ತಿರ ಹೋದೆ. ಬೆರಳುಗಳನ್ನು ಒಂದಕ್ಕೊಂದು ತಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ದಣಿವಲ್ಲವಂತೆ. ನರದ್ದು. ಹೆಸರಿಡಲು ಇನ್ನೊಂದಷ್ಟು ಪರೀಕ್ಷೆ ಆಗಬೇಕು, ಆದರೆ ಅವರ ಮುಖದಲ್ಲಿ ಹೆಸರು ಆಗಲೇ ಇತ್ತು.

ಈಗ ನಿನ್ನ ವಿಷಯ. ಖಾಲಿ ಸಾಲನ್ನು ನೋಡು. ಸರಾಸರಿ ಅಲ್ಲ, ಆ ಸಾಲಿನ ಹನ್ನೆರಡು ಗುಳಿಗಳನ್ನು ಒಂದೊಂದಾಗಿ ನೋಡು. ಅಲ್ಲೂ ಬೆಳಿಗ್ಗೆ ಎಲ್ಲ ಒಂದೇ, ಸಂಜೆಗೆ ಚೆಲ್ಲಾಪಿಲ್ಲಿ. ಅಲ್ಲಿ ಯೀಸ್ಟಿಲ್ಲ. ಹಸಿಯುವುದಕ್ಕೆ ಅಲ್ಲಿ ಜೀವವೇ ಇಲ್ಲ. ಇರುವುದು ಬರೀ ನೀರು, ಬಣ್ಣ, ನನ್ನ ಕೈ.

ಫೆಬ್ರುವರಿಯಲ್ಲೇ ಸಂಶಯ ಬಂದಿತ್ತು. ಎದುರು ಬೆಂಚಿನವಳ ಹೆಸರು ಹೇಳಿದ್ದು ಅದಕ್ಕೆ. ಅಲ್ಲಾಡದ್ದು ನಿನ್ನ ಕೈಯೊಂದೇ ಎಂದು ನೀನು ಬರೆದೆ, ನನ್ನ ಬಾಯಿ ಕಟ್ಟಿಹೋಯಿತು. "ಈ ಪೇಪರ್ ಇದ್ದರೆ ನಾನು ಉಳಿಯುತ್ತೇನೆ" ಎಂದೂ ನೀನು ಬರೆದಿದ್ದೆ. ನಾನು ಬಾಯಿಬಿಟ್ಟರೆ ನಿನ್ನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಯೀಸ್ಟೇನು ಬಂದು ಸಾಕ್ಷಿ ಹೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾಳೆ ಯಾವುದೋ ಊರಿನ ಯಾರೋ ನಿನ್ನ ಪೇಪರನ್ನು ನಂಬಿ ವರ್ಷಗಟ್ಟಲೆ ತಟ್ಟೆ ಹಾಕುತ್ತಾರೆ. ನನ್ನ ನಡುಕವನ್ನು ಅವರ ಯೀಸ್ಟಿನಲ್ಲಿ ಹುಡುಕುತ್ತಾರೆ. ಅದು ಸಿಗುವುದಿಲ್ಲ. ತಮ್ಮದೇ ತಪ್ಪು ಎಂದುಕೊಂಡು ಮತ್ತೆ ಮಾಡುತ್ತಾರೆ. ಆ ದಣಿವು ಎಂಥದ್ದೆಂದು ನನಗೆ ಗೊತ್ತು.

ಸೋಮವಾರ ಲ್ಯಾಬಿನಲ್ಲಿ ಹೇಳುತ್ತೇನೆ. ಮೊದಲು ನಿನಗೆ ತಿಳಿಯಲಿ ಎಂದು ಇವತ್ತೇ ಬರೆದೆ. ಸಮಿತಿಗೆ ಇನ್ನೂ ಐದು ವಾರವಿದೆ. ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಬರಬೇಕಾದ್ದೇ.

ಅಕ್ಕ


ಆಗಸ್ಟ್ 26

ಅಕ್ಕಾ,

ಆರು ವಾರ ಬರೆಯಲಿಲ್ಲ. ಸಿಟ್ಟು ಅಂದುಕೊಂಡಿರುತ್ತೀಯ. ಮೊದಲ ವಾರ ಸಿಟ್ಟೇ. ಆಮೇಲಿನದು ನಾಚಿಕೆ.

ನೀನು ಹೇಳುವ ಮೊದಲೇ ನಾನು ಖಾಲಿ ಸಾಲನ್ನು ನೋಡಿದ್ದೆ. ಮೇ ತಿಂಗಳಲ್ಲಿ, ಕಣ್ಣು ಹಾಯಿಸು ಅಂತ ನೀನು ಬರೆದಿದ್ದೆಯಲ್ಲ, ಆಗ. ಒಂದೇ ಒಂದು ಗ್ರಾಫ್ ತೆಗೆದೆ. ಸಂಜೆಯ ಕಡೆಗೆ ಏರಿತ್ತು. ಯಂತ್ರಕ್ಕೆ ಹೊಸ ದೀಪ ಹಾಕಿದ್ದಾರೆ, ಅದರದ್ದೇ ಇರಬೇಕು ಎಂದುಕೊಂಡು ಮುಚ್ಚಿದೆ. ಹಾಗೆಂದು ನಿಜವಾಗಿ ನಂಬಿದ್ದರೆ ಹಳೆಯ ದೀಪದ ದಿನಗಳನ್ನೂ ತೆಗೆದು ನೋಡುತ್ತಿದ್ದೆ. ನೋಡಲಿಲ್ಲ. ಅದಾದ ಎರಡು ದಿನಕ್ಕೆ ನಿನಗೆ "ಗೆದ್ದೆವು" ಎಂದು ಬರೆದೆ. ನಿನ್ನನ್ನು ತಕ್ಕಡಿ ಎಂದು ಕರೆದವನು ನನ್ನ ತಕ್ಕಡಿಗೆ ಬೆರಳು ಒತ್ತಿಕೊಂಡು ಕೂತಿದ್ದೆ.

ಜುಲೈ ಕೊನೆಗೆ ಪೇಪರ್ ವಾಪಸು ತೆಗೆದುಕೊಂಡೆ. ಕಾರಣವಾಗಿ ಅಳತೆಯ ದೋಷ ಎಂದಷ್ಟೇ ಬರೆದೆ, ಖಾಲಿ ಸಾಲನ್ನು ಪರೀಕ್ಷಿಸದೆ ಹೋದ ತಪ್ಪು ನನ್ನದು ಎಂದು ಸೇರಿಸಿದೆ. ನಿನ್ನ ಕೈಯ ಮಾತು ಅಲ್ಲಿಲ್ಲ. ಮುಖ್ಯಸ್ಥರು ಬೈಯಲಿಲ್ಲ, ಅದೇ ಕಷ್ಟವಾಯಿತು. ಸಮಿತಿ ಹತ್ತು ನಿಮಿಷದಲ್ಲಿ ಮುಗಿಯಿತು. "ನಿಮ್ಮ ಪ್ರಾಮಾಣಿಕತೆ ತುಂಬಾ ಮೆಚ್ಕೊಂಡ್ವಿ" ಎಂದರು ಒಬ್ಬರು. ಮೆಚ್ಚಿಕೊಂಡು ಡಿಸೆಂಬರ್ ಮೂವತ್ತೊಂದರ ತಾರೀಖು ಕೊಟ್ಟರು.

ಖಾಲಿ ಸಾಲಿನ ಏರುಪೇರನ್ನು ಯೀಸ್ಟಿನ ಏರುಪೇರಿನಿಂದ ಕಳೆದು ನೋಡಿದೆ. ಏನೂ ಉಳಿಯಲಿಲ್ಲ. ನಿನ್ನ ಯೀಸ್ಟ್ ಹತ್ತನೆಯ ಗಂಟೆಯಲ್ಲೂ ಒಂದೇ ಸಮನಾಗಿದೆ. ಅಮ್ಮನಿಗೆ ಹೇಳು, ಅವು ಬೇರೆಯಾಗಿರಲಿಲ್ಲ.

ಆಮೇಲೆ ಇನ್ನೊಂದು ಮಾಡಿದೆ. ಕೇಳದೆ ಮಾಡಿದ್ದಕ್ಕೆ ಕ್ಷಮಿಸು. ಎರಡು ವರ್ಷದಲ್ಲಿ ನೀನು ನನಗಾಗಿ ನಲವತ್ತಮೂರು ದಿನ ತಟ್ಟೆ ಹಾಕಿದ್ದೀಯ. ದಿನಕ್ಕೆ ಹತ್ತು ಖಾಲಿ ಸಾಲು, ಸಾಲಿಗೆ ಹನ್ನೆರಡು ಗುಳಿ. ಒಟ್ಟು ಐದು ಸಾವಿರದ ನೂರ ಅರವತ್ತು ಹನಿಗಳು. ಅವುಗಳ ಏರುಪೇರನ್ನು ತಾರೀಖಿನ ಪ್ರಕಾರ ಜೋಡಿಸಿ ಗೆರೆ ಎಳೆದೆ. ಮೊದಲ ವರ್ಷ ಗೆರೆ ನೆಲಕ್ಕೆ ಅಂಟಿ ಮಲಗಿದೆ, ಯಾವ ಯಂತ್ರಕ್ಕೂ ಅಷ್ಟು ನಿಖರತೆ ಬಾರದು. ಹೋದ ವರ್ಷ ಏಪ್ರಿಲ್ ತಿಂಗಳಲ್ಲಿ ಹತ್ತನೆಯ ಗಂಟೆ ಸ್ವಲ್ಪ ತಲೆಯೆತ್ತುತ್ತದೆ. ಜುಲೈಗೆ ಒಂಬತ್ತನೆಯದು. ಆಮೇಲೆ ಎಂಟು. ಈ ಮೇ ಹೊತ್ತಿಗೆ ಐದನೆಯ ಗಂಟೆಯಲ್ಲೇ ಶುರು. ನಿನ್ನ ಗಮನಕ್ಕೆ ಬರುವ ಎಂಟು ತಿಂಗಳು ಮೊದಲೇ ನನ್ನ ಕಂಪ್ಯೂಟರಿನಲ್ಲಿ ಅದು ಇತ್ತು, ಅಕ್ಕ. ನಾನು ಪ್ರತಿ ಸಲವೂ ಅದರ ಸರಾಸರಿ ತೆಗೆದು ಕಳೆಯುತ್ತಾ ಬಂದೆ.

ಗ್ರಾಫ್ ಇದರ ಜೊತೆ ಇದೆ. ಡಾಕ್ಟರಿಗೆ ತೋರಿಸು, ಉಪಯೋಗವಾಗಬಹುದು. ಗೆರೆಯನ್ನು ಈ ಮೇ ತಿಂಗಳಿಗೆ ನಿಲ್ಲಿಸಿದ್ದೇನೆ. ಮುಂದೇನಾಗುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕಸುಬು. ಇದೊಂದಕ್ಕೆ ಹಾಕಲು ಮನಸ್ಸು ಬರಲಿಲ್ಲ.

ತಮ್ಮ


ಸೆಪ್ಟೆಂಬರ್ 15

ತಮ್ಮನಿಗೆ,

ನಿನ್ನ ಕೆಲಸ ಹೋದದ್ದಕ್ಕೆ ಏನು ಹೇಳಲಿ? ನೀನು ಕದ್ದು ಮುಚ್ಚಿಟ್ಟದ್ದು ಎರಡು ತಿಂಗಳು, ನಾನು ಮುಚ್ಚಿಟ್ಟದ್ದು ಐದು. ಜಗಳ ಆಡಲು ಇಬ್ಬರಿಗೂ ಮುಖವಿಲ್ಲ, ಹಾಗಾಗಿ ಅದನ್ನು ಬಿಡೋಣ. ಡಿಸೆಂಬರಿನಲ್ಲಿ ಸಾಮಾನು ಕಟ್ಟಿಕೊಂಡು ಮೊದಲು ಇಲ್ಲಿಗೆ ಬಾ. ಮೂರು ಮಹಡಿ ಹತ್ತಿದರೆ ನಿನ್ನ ಹೊಟ್ಟೆಯೂ ಕರಗುತ್ತದೆ.

ಲ್ಯಾಬಿನಲ್ಲಿ ಹೇಳಿದೆ. ತಕ್ಷಣಕ್ಕೆ ಯಾರೂ ನನ್ನನ್ನು ಕೆಲಸದಿಂದ ತೆಗೆದಿಲ್ಲ. ಬೆಳಿಗ್ಗೆಯ ನಾಲ್ಕು ತಟ್ಟೆ ನನ್ನವು, ಮಿಕ್ಕವು ಎದುರು ಬೆಂಚಿನವಳವು. ಮಧ್ಯಾಹ್ನದಿಂದ ಅವಳ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಹನಿ ಬಿಡುವ ಮುಂಚೆ ಒಂದು ಕ್ಷಣ ಉಸಿರು ಹಿಡಿಯಬೇಕು, ಅದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಕೈಗೆ ಗೊತ್ತಾದದ್ದನ್ನು ಬಾಯಲ್ಲಿ ಹೇಳಲು ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ.

ಗ್ರಾಫನ್ನು ಡಾಕ್ಟರಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಇಷ್ಟು ಹಿಂದಿನಿಂದ ಯಾರ ಕೈಯ ಲೆಕ್ಕವನ್ನೂ ಅವರು ನೋಡಿಲ್ಲವಂತೆ. ಮುಂದೆ ಹೇಗೆ ಎಂದು ಕೇಳಿದೆ. "ಒಬ್ಬೊಬ್ರಿಗೆ ಒಂದೊಂಥರ ಇರುತ್ತೆ, ಈಗ್ಲೇ ಹೇಳಕ್ಕಾಗಲ್ಲ" ಎಂದರು. ಅವರು ನನ್ನ ಕೈ ನೋಡಿದ್ದು ಹತ್ತು ಹತ್ತು ನಿಮಿಷ, ಮೂರು ಸಲ. ನಿನ್ನ ಹತ್ತಿರ ಐದು ಸಾವಿರ ಹನಿಗಳಿವೆ.

ಅದಕ್ಕೇ ಹೇಳುತ್ತೇನೆ, ಗೆರೆಯನ್ನು ಮುಂದಕ್ಕೆ ಎಳೆ. ಐದನೆಯ ಗಂಟೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಯಾವಾಗ ಬರುತ್ತದೆ, ಬೆಳಗಿನ ಮೊದಲ ತಟ್ಟೆಗೆ ಯಾವಾಗ ಬರುತ್ತದೆ, ಎಲ್ಲ ಹಾಕು. ತಪ್ಪಾದೀತು ಎಂದು ಹೆದರಬೇಡ, ನಿನ್ನ ಲೆಕ್ಕ ತಪ್ಪುವುದು ಇದೇ ಮೊದಲೇನಲ್ಲ. ನನ್ನ ಮೇಲಿನ ಕರುಣೆಗೆ ಗೆರೆಯನ್ನು ಬಗ್ಗಿಸಬೇಡ, ಅಷ್ಟೇ ನಾನು ಕೇಳುವುದು. ಯಾರಾದರೂ ಬಂದು ನನ್ನ ಕೈಯಿಂದ ಪಿಪೆಟ್ ತೆಗೆದುಕೊಳ್ಳುವ ದಿನದ ಹಿಂದಿನ ದಿನ ನಾನೇ ಅದನ್ನು ಕೆಳಗಿಡಬೇಕು. ಆ ದಿನ ಯಾವುದೆಂದು ನನಗೆ ಗೊತ್ತಾಗಬೇಕು.

ಇನ್ನು ಮೇಲೆ ಪ್ರತಿ ಶುಕ್ರವಾರ ಹತ್ತು ತಟ್ಟೆಗೂ ಬರೀ ನೀರು ತುಂಬಿಸಿ, ಬೆಳಗಿನಿಂದ ಸಂಜೆಯವರೆಗೆ ನಾನೇ ಬಣ್ಣ ಬಿಡುತ್ತೇನೆ. ಯೀಸ್ಟ್ ಬೇಡ. ಅಂಕಿಗಳನ್ನು ಅವತ್ತೇ ಕಳಿಸುತ್ತೇನೆ. ಸರಾಸರಿ ತೆಗೆಯಬೇಡ.

ಅಕ್ಕ